ಕೂಡಿಸುವ ಕೆಲಸ

ಉದಗೀರ
೧೨ ಜೂನ್ ೨೦೨೩

ಮಾವನವರಿಗೆ ಮೀನಲಳ ಶರಣು.

ಲಕೋಟೆಯ ಮೇಲೆ ತುರೋರಿ ಎಂದು ಬರೆಯುವಾಗ ಕೈ ತಡೆಯಿತು. ನಿಮ್ಮ ಮನೆ ಬಿಟ್ಟು ಬಂದ ಮೇಲೆ ಇದೇ ಮೊದಲ ಪತ್ರ. ನಿಮಗೆ ಈಗ ಫೋನಿನಲ್ಲಿ ಏನೂ ಕೇಳುವುದಿಲ್ಲವೆಂದು ಗೊತ್ತಾಯಿತು. ನಡುವೆ ಇನ್ನೊಬ್ಬರ ಬಾಯಿ ಬೇಡವೆಂದು ಬರೆಯುತ್ತಿದ್ದೇನೆ.

ಅನುಸೂಯಾಗೆ ಆರು ವರ್ಷ ತುಂಬಿತು. ಹುಟ್ಟುವಾಗ ಉಸಿರು ಸಿಕ್ಕದೆ ಅವಳ ಕೈಕಾಲು ಬಿಗಿದುಕೊಂಡದ್ದು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದು ಇಷ್ಟು: ಅವಳಿಗೆ ಇನ್ನೂ ಕುತ್ತಿಗೆ ನಿಂತಿಲ್ಲ. ಕೂಡಿಸಿದರೆ ಒಂದು ಕಡೆಗೆ ಜಾರುತ್ತಾಳೆ. ತೊಡೆಯ ಮೇಲೆ ಮಲಗಿಸಿಕೊಂಡೇ ತುತ್ತು ಹಾಕುತ್ತೇನೆ. ಕಳೆದ ಚಳಿಗಾಲದಲ್ಲಿ ಎರಡು ಸಲ ಎದೆ ಕಟ್ಟಿ ಲಾತೂರಿನ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಅಲ್ಲಿಯ ಫಿಜಿಯೋಥೆರಪಿ ಡಾಕ್ಟರಬಾಯಿ ಹೇಳಿದರು, ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ, ಸೊಂಟ ಹಿಡಿದು ನೆಟ್ಟಗೆ ಕೂಡಿಸುವ ಕುರ್ಚಿ ಬೇಕೇ ಬೇಕು ಎಂದು. ಅಂಗಡಿಯಿಂದ ತಂದ ಕುರ್ಚಿಯಲ್ಲಿ ಅವಳು ಕಾಳು ತುಂಬುವ ಹಗೇವಿನೊಳಗೆ ಬಿದ್ದವಳಂತೆ ಮುಳುಗಿಹೋದಳು. ಇಲ್ಲಿಯ ಬಡಿಗ ಮಲ್ಲಣ್ಣ ಒಂದು ಮಾಡಿಕೊಟ್ಟ. ಗದ್ದುಗೆಯಂತೆ ಚೆಂದವಿದೆ, ಆದರೆ ಅವಳು ಅದರಿಂದ ಜಾರಿ ಗದ್ದ ಒಡೆದುಕೊಂಡಳು. ತಿಂಗಳಿಗೊಮ್ಮೆ ಬಿಚ್ಚಿ ತಿದ್ದುವಷ್ಟು ಪುರಸೊತ್ತು ಅವನಿಗೆ ಇಲ್ಲ.

ನಾನು ರವಿಕೆ ಹೊಲಿದು ಬದುಕುವವಳು. ಮೈಯ ಅಳತೆ ತೆಗೆಯುವುದು ನನಗೆ ಬರುತ್ತದೆ. ಬಟ್ಟೆಯ ಬದಲು ಕಟ್ಟಿಗೆ ಅಷ್ಟೇ ಎಂದುಕೊಂಡೆ. ಹಿತ್ತಿಲಲ್ಲಿ ತಗಡಿನ ಪತ್ರಾ ಹಾಕಿದ ಜಾಗವಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎಲ್ಲರೂ ಕತ್ತರಿಸುವುದನ್ನು ತೋರಿಸುತ್ತಾರೆ, ಇನ್ನೊಂದು ಕೈ ಎಲ್ಲಿರಬೇಕೆಂದು ಯಾರೂ ತೋರಿಸುವುದಿಲ್ಲ. ನೀವು ಪುಣೆಯ ಫರ್ನಿಚರ್ ಕಾರಖಾನೆಯಲ್ಲಿ ಜೀವಮಾನ ಕಳೆದವರು. ಯಾವ ಹತಾರ ಕೊಳ್ಳಬೇಕು, ಹೇಗೆ ಹಿಡಿಯಬೇಕು, ಬರೆದು ತಿಳಿಸಿ.

<u>ನೀವು ಮಾಡಿ ಕಳಿಸುವುದು ಬೇಡ.</u> ಆ ಮನೆಯಿಂದ ನನಗೆ ಏನೂ ಬೇಡ.

ನಿಮ್ಮ
ಮೀನಲ

*

ತುರೋರಿ
೨೦ ಜೂನ್ ೨೦೨೩

ಚಿ. ಸೌ. ಮೀನಲಳಿಗೆ ಮನ್ಮಥಪ್ಪನ ಆಶೀರ್ವಾದ.

ಕಳಿಸುವುದು ಬೇಡ ಎಂಬ ಸಾಲಿನ ಕೆಳಗೆ ಗೆರೆ ಎಳೆದಿರುವೆ. ಗೆರೆ ಬೇಕಿರಲಿಲ್ಲ, ತಿಳಿಯಿತು.

ಕಾರಖಾನೆಯ ಯಂತ್ರಗಳು ನನ್ನ ಕಿವಿ ತಿಂದವು. ಆಗ ಕಿವಿಗೆ ಹತ್ತಿ ಇಟ್ಟುಕೊಂಡರೂ ನಗುತ್ತಿದ್ದರು. ಈಗ ಮನೆಯವರು ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಹೊಲ ತಮ್ಮ ವಿರೂಪಾಕ್ಷನ ಕೈಯಲ್ಲಿದೆ. ನಾನು ದನದ ಕೊಟ್ಟಿಗೆಯ ಅರ್ಧಕ್ಕೆ ಗೋಡೆ ಹಾಕಿಸಿ ಅಲ್ಲಿ ಬಾಗಿಲು, ಮಣೆ ಮಾಡಿಕೊಂಡು ಕೂತಿರುತ್ತೇನೆ. ಹೈವೇಯ ಲಾರಿಗಳು ಹೋಗುವುದು ನನಗೆ ಪಾದದಿಂದ ತಿಳಿಯುತ್ತದೆ.

ಮೊದಲು ಯಂತ್ರ ಯಾವುದೂ ಬೇಡ. ಕೈ ಹತಾರವೇ ಕೊಳ್ಳು, ಕಡಿಮೆ ಕೊಳ್ಳು, ಒಳ್ಳೆಯದನ್ನು ಕೊಳ್ಳು. ಗರಗಸ ಒಂದು. ಅಂಗಡಿಯಲ್ಲೇ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಲ್ಲಿನ ಸಾಲು ನೋಡು. ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ ನೋಡು. ಸೊಟ್ಟಗಿದ್ದರೆ ವಾಪಸು ಕೊಡು. ಹಿಡಿಕೆ ನಿನ್ನ ಕೈಗೆ ಕೂಡಬೇಕು. ಗಂಡಸರ ಅಂಗೈಗೆ ಮಾಡಿದ್ದು ನಿನ್ನ ಮಣಿಕಟ್ಟು ನೋಯಿಸುತ್ತದೆ, ನೋಯುವ ಕೈ ತಪ್ಪುತ್ತದೆ. ಉಳಿ ಎರಡು ಸಾಕು, ಒಂದು ಅಗಲ, ಒಂದು ಸಣ್ಣ. ಮೂಲೆ ಅಳೆಯುವ ಗುಣ್ಯಾ, ಮೈ ನುಣುಪು ಮಾಡುವ ರಂಧಾ, ಕಟ್ಟಿಗೆಯ ಕೊಡತಿ, ಸಾಣೆಕಲ್ಲು. ಹಾಗೂ ಕ್ಲ್ಯಾಂಪು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡ. ಕಟ್ಟಿಗೆಯನ್ನು ಹಿಡಿಯುವುದು ಕ್ಲ್ಯಾಂಪಿನ ಕೆಲಸ, ಕಾಲಿನದಲ್ಲ, ಎಡಗೈಯದಲ್ಲ.

ಉಳಿ ಹಿಡಿದಾಗ ಎರಡೂ ಕೈ ಅದರ ಅಲಗಿನ ಹಿಂದೆ ಇರಬೇಕು. ಜಾರಿದರೆ ಅದು ಎಲ್ಲಿಗೆ ಹೋಗುತ್ತದೆಂದು ಹೊಡೆಯುವ ಮೊದಲು ನೋಡು. ಅಲ್ಲಿ ನಿನ್ನ ಮೈಯ ಯಾವ ಭಾಗವೂ ಇರಬಾರದು. ಮೊಂಡು ಉಳಿಗೆ ಅಂಜು, ಚೂಪು ಉಳಿಗೆ ಅಂಜಬೇಡ. ಮೊಂಡಾದದ್ದನ್ನು ಜೋರಾಗಿ ನೂಕುತ್ತೇವೆ, ಜೋರು ಮಾಡಿದಾಗಲೇ ಜಾರುವುದು.

ಮಗುವಿನ ಅಳತೆ ಬರೆದು ಕಳಿಸು. ಬೆನ್ನಿನಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ, ಮೊಣಕಾಲಿನಿಂದ ಹಿಮ್ಮಡಿಯವರೆಗೆ, ಸೊಂಟದ ಅಗಲ.

ನಿಮ್ಮತ್ತೆ ಶೇವಂತಾ ಯಾರಿಗೆ ಬರೆಯುತ್ತಿರುವಿರಿ ಎಂದು ಪಾಟಿಯ ಮೇಲೆ ಕೇಳಿದಳು. ಹೇಳಿದೆ. ಒಳಗೆ ಹೋದಳು. ಆಮೇಲೆ ಮಡಿಸಿದ ಒಂದು ಸಣ್ಣ ಕೌದಿ ತಂದು ನನ್ನ ಪಕ್ಕದಲ್ಲಿಟ್ಟಳು. ನೀನು ಬೇಡ ಎಂದಿರುವೆಯಲ್ಲ, ಕಳಿಸುತ್ತಿಲ್ಲ.

ಮನ್ಮಥಪ್ಪ

*

ಉದಗೀರ
೨ ಆಗಸ್ಟ್ ೨೦೨೩

ಮಾವನವರಿಗೆ ಶರಣು.

ನೀವು ಹೇಳಿದಂತೆ ಹತಾರ ತಂದೆ. ಅಂಗಡಿಯವ ಗರಗಸವನ್ನು ನನ್ನ ಕೈಗೇ ಕೊಡಲಿಲ್ಲ, ಮನೆಯ ಗಂಡಸರನ್ನು ಕರೆದು ತನ್ನಿ ಅಂದ. ನನ್ನವ್ವ ಶಿವಗಂಗಾಬಾಯಿ ಜೊತೆಗಿದ್ದಳು. "ಗಂಡಸರು ಇದ್ದಿದ್ರ ನಾವ್ಯಾಕ ಬರ್ತಿದ್ದೆವು? ಕೊಡಪ್ಪ ಇಕಡೆ," ಅಂದಳು. ಕೊಟ್ಟ.

ಅಳತೆ ಇನ್ನೊಂದು ಹಾಳೆಯಲ್ಲಿದೆ. ಸೊಂಟದ ಅಗಲ ನೋಡಿ ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ಅವಳು ಇರುವುದೇ ಅಷ್ಟು.

ಒಂದು ಹಲಗೆ ನೆಟ್ಟಗೆ ಕೊಯ್ಯಲು ಈಗ ಬರುತ್ತದೆ. ಮೊದಮೊದಲು ಗರಗಸ ಗೆರೆ ಬಿಟ್ಟು ತನ್ನ ದಾರಿ ಹಿಡಿಯುತ್ತಿತ್ತು. ಉಳಿ ಒಮ್ಮೆ ಹೆಬ್ಬೆರಳಿಗೆ ತಾಗಿತು. ನಿಮ್ಮ ಮಾತು ಮರೆತು ಎಡಗೈಯಲ್ಲಿ ಕಟ್ಟಿಗೆ ಹಿಡಿದಿದ್ದೆ. ಗಾಯ ದೊಡ್ಡದಲ್ಲ, ಆದರೆ ಹೊಲಿಯುವ ಬೆರಳು ಅದು, ಒಂದು ವಾರ ಗಿರಾಕಿಗಳನ್ನು ಹಿಂದೆ ಕಳಿಸಿದೆ.

ಕೈಯಲ್ಲಿ ಕೊಯ್ಯುವುದು ಬಹಳ ನಿಧಾನ. ಅವಳ ಎದೆಯಲ್ಲಿ ಮತ್ತೆ ಗುರುಗುರು ಶುರುವಾಗಿದೆ, ಮಳೆ ಬೇರೆ. ಚಳಿ ಬರುವ ಮೊದಲು ಕುರ್ಚಿ ಆಗಬೇಕು. ಅಂಗಡಿಯವನೇ ಗ್ರೈಂಡರ್ ಯಂತ್ರ ಕೊಟ್ಟಿದ್ದಾನೆ, ಕಬ್ಬಿಣ ಕತ್ತರಿಸುವ ಸಣ್ಣದು. ಅದಕ್ಕೆ ಕಟ್ಟಿಗೆಯ ಹಲ್ಲಿನ ಬ್ಲೇಡು ಹಾಕಿಕೊಂಡರೆ ಬೆಣ್ಣೆಯಂತೆ ಕೊಯ್ಯುತ್ತದೆ, ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಅಂದ. ಬ್ಲೇಡು ದೊಡ್ಡದಾದ್ದರಿಂದ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಕೊಟ್ಟ. ಇನ್ನೂ ಚಾಲೂ ಮಾಡಿಲ್ಲ. ಹೇಗೆ ಹಿಡಿಯಬೇಕು?

ಇನ್ನೊಂದು. ನನ್ನ ಹೆಸರಿನ ಹಿಂದೆ ಸೌ. ಎಂದು ಬರೆಯಬೇಡಿ. ಅದು ಯಾರಿಂದ ಬಂದದ್ದೋ ಅವರು ಪುಣೆಯಲ್ಲಿದ್ದಾರೆ.

ಮೀನಲ

*

ತುರೋರಿ
೬ ಆಗಸ್ಟ್ ೨೦೨೩

ಮೀನಲ,

ಪತ್ರ ಮುಟ್ಟಿದ ಕೂಡಲೇ ಬರೆಯುತ್ತಿದ್ದೇನೆ. ಆ ಯಂತ್ರ ಮುಟ್ಟಬೇಡ. ಪ್ಲಗ್ಗಿಗೂ ಹಾಕಬೇಡ. ಹಾಗೇ ಒಯ್ದು ಅಂಗಡಿಯವನ ಮುಂದೆ ಇಟ್ಟು ಬಾ.

ಗ್ರೈಂಡರು ಕಲ್ಲಿನ ಚಕ್ರಕ್ಕಾಗಿ ಮಾಡಿದ್ದು. ಗರಗಸದ ಬ್ಲೇಡು ಅಷ್ಟು ವೇಗ ತಾಳುವುದಿಲ್ಲ. ಒಂದು ಹಲ್ಲು ಕಟ್ಟಿಗೆಯಲ್ಲಿ ಕಚ್ಚಿತೆಂದರೆ ಯಂತ್ರ ಎತ್ತಿನಂತೆ ಹಿಂದಕ್ಕೆ ಒದೆಯುತ್ತದೆ, ಒದ್ದಾಗ ಅದು ಬರುವುದು ಹಿಡಿದವನ ಕುತ್ತಿಗೆಗೆ, ತೊಡೆಗೆ. ಮುಚ್ಚಳವೂ ಇಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ ಎಂದನಲ್ಲ, ಹಾಗೆ ಮಾಡಿದ ಎಲ್ಲರೂ ಅಂಗಡಿಗೆ ತಿರುಗಿ ಬಂದು ಹೇಳುವುದಿಲ್ಲ. ನಿನಗೇನಾದರೂ ಆದರೆ ಆ ಮಗುವಿಗೆ ತುತ್ತು ಹಾಕುವವರು ಯಾರು?

ಯಂತ್ರ ಬೇಕೇ ಆದರೆ ಡ್ರಿಲ್ ತೆಗೆದುಕೋ, ವೇಗ ಕಡಿಮೆ ಹೆಚ್ಚು ಮಾಡಲು ಬರುವಂಥದ್ದು. ಅದನ್ನು ಹಿಡಿಯುವಾಗ ಸೆರಗು ಸೊಂಟಕ್ಕೆ ಬಿಗಿ, ಬಳೆ ತೆಗೆ, ಜಡೆ ಮೇಲೆ ಕಟ್ಟು. ಕೈಗೆ ಗವಸು ಹಾಕಬೇಡ, ತಿರುಗುವ ಯಂತ್ರ ಗವಸಿನ ಜೊತೆಗೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಮೊನೆ ಬದಲಿಸುವ ಮೊದಲು ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೋ. ಯಂತ್ರ ನಿಂತಿತೆಂದು ಕಿವಿಯಿಂದ ನಂಬಬೇಡ, ಕಣ್ಣಿಂದ ನೋಡು.

ಉದ್ದ ಹಲಗೆಗಳನ್ನು ಕಟ್ಟಿಗೆ ಮಾರುವ ವಖಾರಿಯಲ್ಲೇ ಅಳತೆ ಕೊಟ್ಟು ಕೊಯ್ಸಿಕೊಂಡು ಬಾ. ಅದರಲ್ಲಿ ಅವಮಾನವಿಲ್ಲ. ಉಳಿದದ್ದು ಮನೆಯಲ್ಲಿ ಮಾಡು.

ಧೂಳು ನಿನ್ನ ಮಗಳ ವೈರಿ. ಉಜ್ಜುವ ಕೆಲಸ ಅಂಗಳದಲ್ಲಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮಾಡು. ಒದ್ದೆ ಬಟ್ಟೆಯಿಂದ ಒರೆಸಿ, ಸೀರೆ ಬದಲಿಸಿ, ಆಮೇಲೆ ಅವಳನ್ನು ಎತ್ತಿಕೋ. ಆಲಸ್ಯವಾದರೂ ಬಿಡಬೇಡ.

ಯಂತ್ರ ವಾಪಸು ಕೊಟ್ಟೆ ಎಂದು ಒಂದು ಕಾರ್ಡು ಬರೆ. ಅದು ಬರುವವರೆಗೆ ನನಗೆ ಊಟ ಸೇರುವುದಿಲ್ಲ.

ಮನ್ಮಥಪ್ಪ

*

ಉದಗೀರ
೧೦ ಆಗಸ್ಟ್ ೨೦೨೩

ಮಾವನವರಿಗೆ,

ವಾಪಸು ಕೊಟ್ಟೆ. ಊಟ ಮಾಡಿ.

ಮೀನಲ

*

ಉದಗೀರ
೩೦ ನವೆಂಬರ್ ೨೦೨೩

ಮಾವನವರಿಗೆ ಶರಣು.

ಕುರ್ಚಿ ಆಯಿತು.

ಡಾಕ್ಟರಬಾಯಿ ಹೇಳಿದ್ದರು, ಸೊಂಟ, ಮೊಣಕಾಲು, ಪಾದ ಮೂರೂ ಕಡೆ ನೇರ ಮೂಲೆ ಇರಬೇಕೆಂದು. ಗುಣ್ಯಾ ಹಿಡಿದು ಅವಳ ಕಾಲಿನ ಪಕ್ಕಕ್ಕೇ ಇಟ್ಟು ನೋಡಿದೆ. ಕೂಡುವ ಹಲಗೆಯನ್ನು ಹಿಂದಕ್ಕೆ ಸ್ವಲ್ಪ ಇಳಿಜಾರು ಮಾಡಿದೆ. ಎರಡು ಮೊಣಕಾಲಿನ ನಡುವೆ ದುಂಡನೆಯ ಗೂಟ, ಎರಡೂ ಮಗ್ಗುಲಿಗೆ ಮೆತ್ತೆ ಹೊಲಿದ ಹಲಗೆ, ಸೊಂಟಕ್ಕೆ ಪಟ್ಟಿ, ಕಾಲಡಿಗೆ ಮಣೆ. ಅವಳ ಕೈ ಹೋಗುವ ಕಡೆಯೆಲ್ಲ ಅಂಚನ್ನು ಉಜ್ಜಿ ದುಂಡಗೆ ಮಾಡಿದೆ. ಸಿಬಿರು ಉಳಿದಿದೆಯೋ ಎಂದು ನನ್ನ ಹಳೆಯ ರೇಷ್ಮೆ ಸೀರೆಯ ತುಂಡು ಹಿಡಿದು ಎಳೆದು ನೋಡಿದೆ. ಎಲ್ಲಿಯೂ ಹತ್ತಲಿಲ್ಲ.

ಅವಳನ್ನು ಕೂಡಿಸುವುದಕ್ಕೂ ಒಂದು ಕ್ರಮ ಬೇಕು. ನೆಟ್ಟಗೆ ಇಳಿಸಿದರೆ ಬಿಲ್ಲಿನಂತೆ ಸೆಟೆದುಕೊಳ್ಳುತ್ತಾಳೆ. ಮೊದಲು ಮೊಣಕಾಲನ್ನು ಮೆಲ್ಲಗೆ ಮಡಿಸಬೇಕು, ಆಮೇಲೆ ಸೊಂಟ, ಕೊನೆಗೆ ಬೆನ್ನು. ಆಗ ಮೈ ತಾನಾಗಿ ಬಿಡುತ್ತದೆ.

ಕೂಡಿಸಿ ಕೈ ತೆಗೆದೆ. ಅವಳು ಬೀಳಲಿಲ್ಲ. ನಾನು ಮುಂದೆ ಬಂದು ನಿಂತೆ. ಇಷ್ಟು ವರ್ಷ ಅವಳು ನನ್ನನ್ನು ಕೆಳಗಿನಿಂದ ನೋಡಿದ್ದಳು, ನನ್ನ ಗದ್ದ, ಮೂಗಿನ ಹೊರಳೆ. ಎದುರಿನಿಂದ ನೋಡಿದ್ದು ಇದೇ ಮೊದಲು. ಬಹಳ ಹೊತ್ತು ನೋಡಿದಳು. ಯಾರಿವಳು ಅನ್ನುವ ಹಾಗೆ. ಅವ್ವ, "ಏ ಕೂಸ, ನಿಮ್ಮವ್ವನ ಮಾರಿ ಇದು," ಅಂದಳು. ಆಮೇಲೆ ಅನುಸೂಯಾ ನಕ್ಕಳು.

ಉಣಿಸುವಾಗ ಈಗ ಕೆಮ್ಮುವುದಿಲ್ಲ. ಆದರೆ ಇದು ಮುಂದಿನ ದೀಪಾವಳಿಗೆ ಸಣ್ಣದಾಗುತ್ತದೆ. ಹಲಗೆಯನ್ನು ಹಿಂದೆ ಮುಂದೆ ಸರಿಸಲು ಬರುವಂತೆ ಎರಡೂ ಬದಿಗೆ ಗಾಡಿ, ಅಂದರೆ ಹಲಗೆಯ ಅಂಚು ಕೂಡುವಂಥ ಉದ್ದನೆಯ ಸಂದು, ಕೊರೆದು ಮಾಡಬಹುದೇ? ನನ್ನ ಉಳಿಯಿಂದ ಅಷ್ಟುದ್ದದ ಗಾಡಿ ನೆಟ್ಟಗೆ ಬರುತ್ತಿಲ್ಲ.

ಮೀನಲ

*

ತುರೋರಿ
೧೬ ಫೆಬ್ರವರಿ ೨೦೨೪

ಮೀನಲಳಿಗೆ, ಮನ್ಮಥಪ್ಪ ಹೇಳಿ ಬರೆಸಿದ್ದು.

ಉತ್ತರ ತಡವಾಯಿತು. ಬಲಗೈಗೆ ಪೆಟ್ಟಾಗಿದೆ. ಸೋಲಾಪುರದ ಆಸ್ಪತ್ರೆಯಲ್ಲಿದ್ದೆ.

ನೀನು ಕೇಳಿದ ಗಾಡಿಯನ್ನು ಹೇಗೆ ವಿವರಿಸುವುದೆಂದು ತಿಳಿಯದೆ ಒಂದು ತುಂಡು ಮಾಡಿ ನೋಡೋಣ, ನೋಡಿ ಬರೆಯೋಣ ಎಂದು ಕುಳಿತೆ. ಕೊಟ್ಟಿಗೆಯಲ್ಲಿರುವ ಟೇಬಲ್ ಗರಗಸದ ಯಂತ್ರದಲ್ಲಿ ಗಾಡಿ ಕೊರೆಯಲು ಬ್ಲೇಡಿನ ಮೇಲಿನ ಮುಚ್ಚಳ ತೆಗೆಯಬೇಕಾಯಿತು. ಕೊರೆದಾಯಿತು. ಸ್ವಿಚ್ ಆರಿಸಿದೆ. ನಿಂತಿದೆ ಎಂದುಕೊಂಡು ತುಂಡು ತೆಗೆಯಲು ಕೈ ಹಾಕಿದೆ. ನಿಂತಿರಲಿಲ್ಲ. ಕಿವಿ ಇದ್ದವನಿಗೆ ಅದರ ಸದ್ದು ಕೇಳುತ್ತಿತ್ತು. ನಿನಗೆ ಬರೆದದ್ದನ್ನು ನಾನೇ ಪಾಲಿಸಲಿಲ್ಲ. ನಡುವಿನ ಬೆರಳು, ಉಂಗುರದ ಬೆರಳು ಹೋದವು. ತೋರುಬೆರಳು ಇದೆ, ಮಡಚಲು ಬರುವುದಿಲ್ಲ.

ಇದನ್ನು ಓದಿ ನೀನು ಕೆಲಸ ಬಿಡಬೇಡ. ಆದರೆ ಟೇಬಲ್ ಗರಗಸದ ಆಸೆ ಇದ್ದರೆ ಬಿಡು.

ಗಾಡಿ ಕೊರೆಯುವುದೇ ಬೇಡ. ಬದಿಯ ಎರಡು ಹಲಗೆಗಳಲ್ಲಿ ಡ್ರಿಲ್ಲಿನಿಂದ ಸಾಲಾಗಿ ತೂತು ಹಾಕು. ಬೋಲ್ಟು ಹಾಕಿ ಕೂಡುವ ಹಲಗೆ ನಿಲ್ಲಿಸು. ಬೆಳೆದಂತೆ ಮುಂದಿನ ತೂತಿಗೆ ಸರಿಸುತ್ತ ಹೋಗು. ಬೋಲ್ಟಿನ ತಲೆ ಕಟ್ಟಿಗೆಯೊಳಗೆ ಮುಳುಗಿರಲಿ, ಮೈಗೆ ತಾಗದಂತೆ. ಎರಡೂ ಬದಿಯ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಕ್ಲ್ಯಾಂಪು ಬಿಗಿದು ಒಟ್ಟಿಗೆ ತೂತು ಹಾಕಿದರೆ ಮಟ್ಟ ತಪ್ಪುವುದಿಲ್ಲ. ಕೂಡುವ ಹಲಗೆಯ ಅಗಲ ಹನ್ನೆರಡು ಇಂಚು ಇಡು.

ಮನ್ಮಥಪ್ಪ

*

ಉದಗೀರ
೩ ಮಾರ್ಚ್ ೨೦೨೪

ಮಾವನವರಿಗೆ ಶರಣು.

ಕೈಯ ಸುದ್ದಿ ಓದಿ ಆ ದಿನ ನನ್ನಿಂದ ಹೊಲಿಗೆ ಆಗಲಿಲ್ಲ. ಗಾಡಿ ಬೇಕೆಂದು ಕೇಳಿದವಳು ನಾನು. ಅದಕ್ಕೆ ಏನು ಬರೆದರೂ ಸಾಲದು, ಆದ್ದರಿಂದ ಬರೆಯುವುದಿಲ್ಲ. ಗಾಯ ಒಣಗಿತೇ? ತುತ್ತು ಎತ್ತಲು ಬರುತ್ತದೆಯೇ? ಅತ್ತೆಯವರು ಹೇಗಿದ್ದಾರೆ?

ತೂತು ಹಾಕುವ ಉಪಾಯ ತಿಳಿಯಿತು. ಬೇವಿನ ಹಲಗೆ ತಂದಿದ್ದೇನೆ.

ಪತ್ರದ ಅಕ್ಷರ ಯಾರದೆಂದು ಲಕೋಟೆ ನೋಡಿದಾಗಲೇ ತಿಳಿದಿತ್ತು. ನಿಮ್ಮ ಕೈಗೆ ಹೀಗಾದಾಗ ಅವರು ಪುಣೆಯಿಂದ ಬಂದದ್ದು ಒಳ್ಳೆಯದೇ. ಬರೆದವರಿಗೆ ಒಂದು ಮಾತು ತಿಳಿಸಿ: ಹನ್ನೆರಡು ಇಂಚು ತಪ್ಪು. ನೀವು ಹಾಗೆ ಹೇಳಿರಲಿಕ್ಕಿಲ್ಲ, ನಿಮ್ಮ ಬಳಿ ನನ್ನ ಅಳತೆಯ ಹಾಳೆ ಇದೆ. ಹನ್ನೆರಡು ಇಂಚಿನಲ್ಲಿ ಅವಳು ಮತ್ತೆ ಒಂದು ಕಡೆಗೆ ಜಾರುತ್ತಾಳೆ.

ಮೀನಲ

*

ತುರೋರಿ
೮ ಏಪ್ರಿಲ್ ೨೦೨೪

ಮೀನಲ,

ಇದು ಎಡಗೈ ಬರಹ. ಮಗುವಿನ ಅಕ್ಷರದಂತಿದೆ, ಸಹಿಸಿಕೊಂಡು ಓದು. ಇನ್ನು ಮೇಲೆ ನಾನೇ ಬರೆಯುತ್ತೇನೆ.

ಗಾಯ ಒಣಗಿದೆ. ಚಮಚ ಹಿಡಿಯುತ್ತೇನೆ. ರೊಟ್ಟಿ ಮುರಿಯಲು ಬರುವುದಿಲ್ಲ, ಶೇವಂತಾ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಾಳೆ.

ನಾನು ಹೇಳಿದ್ದು ಒಂಬತ್ತು. ನಿನ್ನ ಪತ್ರ ಧೀರಜನ ಮುಂದೆ ಇಟ್ಟು ಕೇಳಿದೆ, "ಯಾಕ ಹನ್ನೆರಡು ಬರದಿ?" ಪಾಟಿ ಹತ್ತಿರ ಎಳೆದುಕೊಂಡ. ಆಮೇಲೆ ಬರೆದ: "ಏಳು ವರ್ಷದ ಹುಡುಗಿಗಿ ಒಂಬತ್ತು ಹ್ಯಾಂಗ ಸಾಕಾಗ್ತದ ಅಂತ ಅನಿಸ್ತು. ನಿಮಗ ಮರತಿರಬೇಕು ಅಂದ್ಕೊಂಡೆ."

ಬರೆದು ತಾನೇ ಅಂಗೈಯಿಂದ ಒರೆಸಿದ. ಮತ್ತೆ ಬರೆದ: "ಒಮ್ಮಿ ಹೋಗಿ ನೋಡಿ ಬರ್ಲಾ ಅಂತ ಆಕಿಗಿ ಕೇಳ್ರಿ."

ಅವನು ಹೇಳಿದ್ದನ್ನು ನಿನಗೆ ಮುಟ್ಟಿಸಿದ್ದೇನೆ. ನನ್ನ ಮಾತು ಇದರಲ್ಲಿ ಏನೂ ಇಲ್ಲ. ಅಂವಾ ನನ್ನ ಮಗ ಎಂದು ನೀನು ಮುಲಾಜು ಇಟ್ಟುಕೊಳ್ಳಬೇಡ.

ಮನ್ಮಥಪ್ಪ

*

ಉದಗೀರ
೨೧ ಜುಲೈ ೨೦೨೪

ಮಾವನವರಿಗೆ ಶರಣು.

ಎರಡನೆಯ ಕುರ್ಚಿ ಆಯಿತು. ತೂತುಗಳ ಮಟ್ಟ ತಪ್ಪಲಿಲ್ಲ. ಬೇವಿನ ಧೂಳಿಗೆ ಮೂಗು ಉರಿಯಿತು, ಮಾಸ್ಕ್ ಇಲ್ಲದಿದ್ದರೆ ಇನ್ನೂ ಕಷ್ಟವಿತ್ತು. ಈ ಸಲ ಮುಂದೆ ಒಂದು ಹಲಗೆ ಸೇರಿಸಿದೆ, ಅದರ ಮೇಲೆ ಮೊಣಕೈ ಊರಿಕೊಳ್ಳುತ್ತಾಳೆ. ಬೆಳಗ್ಗೆ ಬಾಗಿಲಲ್ಲಿ ಕೂಡಿಸುತ್ತೇನೆ. ಶಾಲೆಗೆ ಹೋಗುವ ಮಕ್ಕಳು ಅವಳ ಹೆಸರು ಹಿಡಿದು ಕರೆಯುತ್ತಾರೆ. ಮೊದಲು ಅವರಿಗೆ ಈ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆಂದೇ ಗೊತ್ತಿರಲಿಲ್ಲ. ಬಣ್ಣದ ಚೀಲ ಕಂಡರೆ ಕೈ ಎತ್ತುತ್ತಾಳೆ. ಎತ್ತಿದ್ದು ಎಲ್ಲಿಗೋ ಹೋಗುತ್ತದೆ, ಆದರೂ ಎತ್ತುತ್ತಾಳೆ.

ಡಾಕ್ಟರಬಾಯಿ ಕುರ್ಚಿಯ ಫೋಟೋ ತೆಗೆದುಕೊಂಡರು. ಬೆನ್ನು ಬಾಗುವುದು ನಿಂತಿದೆ ಅಂದರು. ಎದೆಯ ಮಾತು ಮಾತ್ರ ಹೇಳಲಾಗುವುದಿಲ್ಲ ಅಂದರು.

ರಂಧಾದ ಅಲಗು ಎಷ್ಟು ಹೊರಗಿರಬೇಕು? ನನ್ನದು ಕಟ್ಟಿಗೆಯನ್ನು ಕಿತ್ತು ತೆಗೆಯುತ್ತಿದೆ.

ಮೀನಲ

*

ತುರೋರಿ
೨ ಆಗಸ್ಟ್ ೨೦೨೪

ಮೀನಲ,

ಅಲಗು ಕೂದಲೆಳೆಯಷ್ಟೇ ಹೊರಗಿರಲಿ. ಎಳೆ ಹೋಗುವ ದಿಕ್ಕಿಗೇ ನೂಕು, ಎದುರು ನೂಕಿದರೆ ಕೀಳುತ್ತದೆ.

ಇನ್ನೊಂದಕ್ಕೆ, ಧೀರಜ ಕೇಳಿದ್ದಕ್ಕೆ, ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದುದೇ ಉತ್ತರವೆಂದು ಅವನಿಗೆ ಹೇಳಿದೆ. ತಲೆ ಆಡಿಸಿದ. ಮರುದಿನ ಉಮರ್ಗಾಕ್ಕೆ ಹೋಗಿ ಪುಣೆಯ ಬಸ್ಸು ಹಿಡಿದ.

ಮನ್ಮಥಪ್ಪ

*

ಉದಗೀರ
೨೩ ಜನವರಿ ೨೦೨೫

ಮಾವನವರಿಗೆ,

ನಿಮಗೆ ಈಗಾಗಲೇ ಯಾರಿಂದಲೋ ತಿಳಿದಿರಬಹುದು. ಸಂಕ್ರಮಣ ಕಳೆದ ಮೇಲೆ ಅನುಸೂಯಾ ಹೋದಳು.

ಕೆಮ್ಮಿರಲಿಲ್ಲ. ಉಣ್ಣುವುದು ಚೆನ್ನಾಗಿತ್ತು. ಎಳ್ಳು ಬೆಲ್ಲದ ನೀರು ಎರಡು ಚಮಚ ಕುಡಿದಳು. ಎರಡು ದಿನಕ್ಕೆ ಜ್ವರ ಬಂತು, ಉಸಿರು ಪಕ್ಕೆಯಿಂದ ಎಳೆಯತೊಡಗಿದಳು. ಲಾತೂರಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಇದು ಅನ್ನ ಇಳಿದದ್ದಲ್ಲ, ಎಲ್ಲ ಕಡೆಗೂ ಇರುವ ಚಳಿಗಾಲದ ಜ್ವರ, ಬೇರೆ ಮಕ್ಕಳು ತಡೆದುಕೊಳ್ಳುತ್ತಾರೆ ಅಂದರು. ಮೂರನೆಯ ದಿನ ಮಧ್ಯಾಹ್ನ ನನ್ನ ಕೈ ಅವಳ ಎದೆಯ ಮೇಲಿತ್ತು. ಕೈಯ ಕೆಳಗೇ ನಿಂತಿತು.

ನಿಮ್ಮ ಮನೆಗೆ ಫೋನ್ ಮಾಡೋಣವೆಂದು ಅವ್ವ ಅಂದಳು. ನಾನೇ ಬೇಡವೆಂದೆ. ಯಾಕೆಂದು ಕೇಳಬೇಡಿ.

ಮನೆಗೆ ತಂದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲವಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ನಾನು ಅವಳ ಕುರ್ಚಿಯಲ್ಲೇ ಕೂಡಿಸಿದೆ. ಬೆಳಗ್ಗೆ ಕರೆಯುವ ಮಕ್ಕಳು ಬಂದು ದೂರ ನಿಂತು ನೋಡಿ ಹೋದರು. ಹೆಸರು ಹಿಡಿದು ಯಾರೂ ಕರೆಯಲಿಲ್ಲ.

ರುದ್ರಭೂಮಿಯಲ್ಲಿ ಕುಣಿ ತೋಡಿದ್ದರು. ಕುರ್ಚಿಯಿಂದ ಎತ್ತಿ ತೋಳಿನ ಮೇಲೆ ಉದ್ದಕ್ಕೆ ಹಿಡಿದು ಒಯ್ಯುವಷ್ಟರಲ್ಲಿ ಮೈ ಸೆಟೆದುಕೊಂಡಿತ್ತು. ಇಳಿದವರು ಕೂಡಿಸಲು ನೋಡಿದರು, ಕಾಲು ಬಾಗಲಿಲ್ಲ. ಒಬ್ಬ ಮೊಣಕಾಲಿನ ಮೇಲೆ ಭಾರ ಹಾಕಲು ಹೋದ. ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳು ಬೇಡವೆಂದು ಕೈ ಎತ್ತಿದರು. "ಕೂಸು ಅದ, ಮಲಗಿಸೇ ಮಣ್ಣು ಕೊಡಾಣ. ದೋಷ ಇಲ್ಲ," ಅಂದರು.

ನಾನು, "ಕೂಡ್ತಾಳ್ರೀ. ನಾ ಕೂಡಿಸ್ತೀನಿ," ಅಂದೆ.

ಹೆಂಗಸರು ಕುಣಿಗೆ ಇಳಿಯುವ ಪದ್ಧತಿ ಇಲ್ಲ. ಯಾರೋ ಹಿಂದಿನಿಂದ ಸೆರಗು ಹಿಡಿದರು. ಸ್ವಾಮಿಗಳು, "ಬಿಡ್ರಿ ಆಕಿಗಿ," ಅಂದರು. ಇಳಿದೆ. ಮಣ್ಣು ತಣ್ಣಗಿತ್ತು. ಮೊದಲು ಮೊಣಕಾಲಿನ ಹಿಂದೆ ಕೈ ಹಾಕಿ ಉಜ್ಜುತ್ತ ಕೂತೆ. ದಿನಾ ಮಾಡುತ್ತಿದ್ದದ್ದೇ. ಅವಸರ ಮಾಡಲಿಲ್ಲ, ಮೇಲಿನವರು ಕಾದರು. ಮೊಣಕಾಲು ಬಾಗಿತು. ಆಮೇಲೆ ಸೊಂಟ. ಬೆನ್ನನ್ನು ಮಣ್ಣಿನ ಗೋಡೆಗೆ ಆನಿಸಿ, ಎರಡೂ ಮಗ್ಗುಲಿಗೆ ಬಟ್ಟೆ ಸುರುಳಿ ಮಾಡಿ ಇಟ್ಟೆ. ಕೈ ತೆಗೆದೆ. ಬೀಳಲಿಲ್ಲ. ಸ್ವಾಮಿಗಳು ಅವಳ ಅಂಗೈಯಲ್ಲಿ ಲಿಂಗ ಇಟ್ಟರು. ಮೇಲಿನವರು ಕೈ ಕೊಟ್ಟು ನನ್ನನ್ನು ಎಳೆದುಕೊಂಡರು.

ಇದನ್ನು ನಿಮಗೆ ಯಾಕೆ ಇಷ್ಟು ಬರೆದೆನೋ. ಬೇರೆ ಯಾರಿಗೆ ಬರೆಯಲಿ.

ನಿಲಂಗಾದ ಒಬ್ಬಾಕೆ ಮೊನ್ನೆ ಬಂದಿದ್ದಳು. ಅವಳ ಮಗನೂ ಹೀಗೇ. ಡಾಕ್ಟರಬಾಯಿ ಫೋಟೋ ತೋರಿಸಿದ್ದರಂತೆ. ಕುರ್ಚಿ ಖಾಲಿ ಇದೆಯಲ್ಲ, ಕೊಡಿ ಅಂದಳು. ಕೊಡಬೇಕೇ?

ಮೀನಲ

*

ತುರೋರಿ
೪ ಫೆಬ್ರವರಿ ೨೦೨೫

ಮಗಳು ಮೀನಲಗೆ,

ಸುದ್ದಿ ನಿನ್ನ ಪತ್ರಕ್ಕಿಂತ ಮೊದಲೇ ಬಂತು. ವಿರೂಪಾಕ್ಷ ಪಾಟಿಯ ಮೇಲೆ ಬರೆಯಲು ಕೂತ, ಬರೆಯಲಾಗಲಿಲ್ಲ. ಅವನ ಮುಖ ನೋಡಿ ತಿಳಿದುಕೊಂಡೆ.

ಯಾಕೆ ತಿಳಿಸಲಿಲ್ಲ ಎಂದು ಶೇವಂತಾ ಅತ್ತಳು. ನಾನು ಅಂದೆ, "ತಿಳಿಸಿದ್ರ ಎಲ್ಲಾರೂ ಹೋಗ್ತಿದ್ದೆವು. ಅಂವನೂ ಬರ್ತಿದ್ದ. ತಂದೀ ಅಂತ ಅಂವನೇ ಮೊದಲ ಮಣ್ಣು ಹಾಕ್ತಿದ್ದ. ಆಕಿಗಿ ಅದು ಬ್ಯಾಡಾಗಿತ್ತು." ಆಮೇಲೆ ಅವಳು ಅಳುವುದು ನಿಲ್ಲಿಸಿದಳು. ನಾನು ತಪ್ಪು ಊಹಿಸಿದ್ದರೆ ಕ್ಷಮಿಸು.

ಧೀರಜ ಬಂದಿದ್ದಾನೆ. ನಿನ್ನ ಪತ್ರ ಅವನಿಗೆ ಕೊಟ್ಟೆ. ಕುಣಿಯ ಮಾತಿನವರೆಗೆ ಓದಿದ, ಮುಂದೆ ಓದಲಿಲ್ಲ. ಕೊಟ್ಟಿಗೆಗೆ ಹೋಗಿ ಕುಳಿತಿದ್ದಾನೆ. ನಾನು ಕರೆಯಲಿಲ್ಲ.

ಕುರ್ಚಿಯ ಮಾತು. ಕೊಡಬೇಡ. ಅದರ ಮೇಲಿನ ಮೋಹಕ್ಕೆ ಇದನ್ನು ಹೇಳುತ್ತಿಲ್ಲ. ಅದು ಅನುಸೂಯಾಳ ಸೊಂಟಕ್ಕೆ ಮಾಡಿದ್ದು. ಬೇರೆ ಮಗುವನ್ನು ಅದರಲ್ಲಿ ಕೂಡಿಸಿದರೆ ಒತ್ತಬಾರದ ಕಡೆ ಒತ್ತುತ್ತದೆ, ಒಂದೇ ಚಳಿಗಾಲದಲ್ಲಿ ಬೆನ್ನು ಕೆಡುತ್ತದೆ. ಆ ತಾಯಿಗೆ ಹಾಗೆಂದು ಬಿಡಿಸಿ ಹೇಳು, ಇಲ್ಲದಿದ್ದರೆ ನಿನ್ನನ್ನು ಕಲ್ಲೆದೆಯವಳು ಎಂದುಕೊಳ್ಳುತ್ತಾಳೆ.

ನಾನು ಒಮ್ಮೆ ಬಂದು ಆ ಮಣ್ಣಿನ ಬಳಿ ಕೂಡಬಹುದೇ? ಬೇಡವೆಂದರೆ ಬರೆಯದೆ ಬಿಡು, ತಿಳಿದುಕೊಳ್ಳುತ್ತೇನೆ.

ಮನ್ಮಥಪ್ಪ

*

ಉದಗೀರ
೧೧ ಫೆಬ್ರವರಿ ೨೦೨೫

ಮಾವನವರಿಗೆ ಶರಣು.

ನೀವು ತಪ್ಪು ಊಹಿಸಲಿಲ್ಲ.

ನಿಲಂಗಾದಾಕೆಗೆ ಹೇಳಿದೆ. ನಂಬಲಿಲ್ಲ. ಅವಳ ಮಗನನ್ನು ಅವಳೆದುರಿಗೇ ಕುರ್ಚಿಯಲ್ಲಿಟ್ಟು ತೋರಿಸಿದೆ, ಎಲ್ಲಿ ಒತ್ತುತ್ತದೆ, ಎಲ್ಲಿ ಬಿಡುತ್ತದೆ ಎಂದು. ಅವನು ಅತ್ತ. ನಾನೇ ಎತ್ತಿಕೊಂಡೆ. ಅವನ ಭಾರ ಬೇರೆ. ಟೇಪು ತಂದು ಅಳತೆ ತೆಗೆದುಕೊಂಡೆ, ಯಾಕೆ ತೆಗೆದುಕೊಂಡೆನೋ ಗೊತ್ತಿಲ್ಲ. ಗರಗಸ ಇನ್ನೂ ಮುಟ್ಟಿಲ್ಲ. ಮುಟ್ಟುತ್ತೇನೆಂದು ಆಕೆಗೆ ಮಾತು ಕೊಟ್ಟಿಲ್ಲ.

ನೀವು ಬನ್ನಿ. ಅತ್ತೆಯವರನ್ನೂ ಕರೆತನ್ನಿ. ನಿಮ್ಮ ಮಗನನ್ನು ಬೇಡ.

ಸೋಮವಾರ ಬೆಳಗಿನ ಬಸ್ಸು ಹಿಡಿಯಿರಿ, ನಿಲಂಗಾದ ಮೇಲೆ ಬರುವುದು. ಸ್ಟ್ಯಾಂಡಿನಲ್ಲಿ ಗದ್ದಲ ಬಹಳ, ಕೂಗಿದರೆ ಎಲ್ಲರಿಗೂ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ. ಅದಕ್ಕೆ ಕೂಗುವುದಿಲ್ಲ. ನೀವು ಇಳಿಯುವ ಬಾಗಿಲಿಗೇ ಬಂದು ನಿಂತಿರುತ್ತೇನೆ. ಮೆಟ್ಟಿಲು ಎತ್ತರ, ಬಲಗೈಯಿಂದ ಸರಳು ಹಿಡಿಯಲು ಹೋಗಬೇಡಿ. ನನ್ನ ಭುಜ ಹಿಡಿದು ಇಳಿಯಿರಿ.

ಮೀನಲ